ರಕ್ತದೊಳಗಿನ ಅಲೆಮಾರಿ ಕೋಶ: ಒಂದು ಹುಡುಕಾಟದ ಚರಿತ್ರೆ

ನಮ್ಮ ಬಳಗದ ತಿಂಗಳ ಸಭೆ ಮುಗಿದು, ಲೋಕಲ್ ಹಿಡಿಯುವ ಅವಸರದಲ್ಲಿ ಎಲ್ಲರೂ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದ ಹೊತ್ತಿನಲ್ಲಿ ಹಿರಿಯ ಸದಸ್ಯೆಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಮುಂಬಯಿಗೆ ಬಂದು ನಾಲ್ಕು ದಶಕ ಕಳೆದರೂ ಧಾರವಾಡದ ಮಾತನ್ನು ಬಿಟ್ಟುಕೊಡದ ಅವರನ್ನು ಬಳಗದಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುವುದು. ಮೂರು ವರ್ಷಗಳ ಹಿಂದೆ ಅವರಿಗೆ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಈಗ ಬೆನ್ನುನೋವೆಂದು ಹೋದಾಗ ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಮೇಲೆ ಕಲೆಗಳು ಕಂಡಿವೆ.

“ಎಲ್ಲಾ ತೆಗೆದೀವಿ ಅಂತ ಹೇಳಿದ್ರು. ಹಂಗಾದ್ರ ಈ ಮೂರು ವರ್ಷ ಅದು ಎಲ್ಲಿ ಕೂತಿತ್ತು? ಎದೀಯಿಂದ ಬೆನ್ನಿಗೆ ಯಾವ ದಾರಿ ಹಿಡದು ಹೋತು?” ಎಂದು ಕೇಳಿದರು. ಆಮೇಲೆ ಮೊಬೈಲ್ ತೆಗೆದು, ತಮ್ಮನ ಮಗ ಕಳುಹಿಸಿದ್ದ ಒಂದು ಜಾಹೀರಾತನ್ನು ತೋರಿಸಿದರು. ಒಂದು ಸಿರಿಂಜ್ ರಕ್ತದಲ್ಲಿ ಅಡಗಿರುವ ಕ್ಯಾನ್ಸರ್ ಕೋಶಗಳನ್ನು ಹಿಡಿದು ಎಣಿಸಿಕೊಡುವ ಪರೀಕ್ಷೆಯೆಂದು ಅದರಲ್ಲಿ ಬರೆದಿತ್ತು. ಬೆಲೆಯೂ ಇತ್ತು, ಕಡಿಮೆಯೇನಲ್ಲ. “ನೀವೆಲ್ಲ ಇಂಗ್ಲಿಷ್ ಓದಿದವರು. ಓದಿ, ಇದು ನನಗ ಬೇಕೋ ಬ್ಯಾಡೋ ಹೇಳ್ರಿ.”

ನಾವು ವೈದ್ಯರಲ್ಲ. ಹಗಲೆಲ್ಲ ಕಡತಗಳ ನಡುವೆ ಕಳೆಯುವ, ಒಂದು ಕಾಲದಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ ಕೇಂದ್ರ ಸರ್ಕಾರದ ನೌಕರರು. ಇಂಥ ಪರೀಕ್ಷೆಯ ಹೆಸರು ಕೇಳಿದೊಡನೆ ನಮಗೆ ಹೊಳೆಯುವ ಮೊದಲ ಪ್ರಶ್ನೆ, ನಾಚಿಕೆಯಿಂದಲೇ ಹೇಳಬೇಕು, ಹಣ ಮರುಪಾವತಿಯಾಗುತ್ತದೆಯೇ ಎಂಬುದು. ಆದರೆ ಅಕ್ಕನ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಂತೆ ಅವೆರಡೂ ಒಂದೇ ಚರಿತ್ರೆಯ ಎರಡು ತುದಿಗಳೆಂದು ತಿಳಿಯಿತು. ಅದು ಯಾವ ದಾರಿ ಹಿಡಿಯಿತು ಎಂಬ ಪ್ರಶ್ನೆಯಿಂದ ಹೊರಟ ವಿಜ್ಞಾನವೇ ನೂರೈವತ್ತು ವರ್ಷ ನಡೆದು ಆ ಜಾಹೀರಾತಿನವರೆಗೆ ಬಂದಿದೆ.

ಚರಿತ್ರೆಯ ಮೊದಲ ಪುಟ ಇರುವುದು ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ. 1869ರಲ್ಲಿ ಥಾಮಸ್ ಆಶ್‌ವರ್ತ್ ಎಂಬ ವೈದ್ಯ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಎರಡು ಪುಟದ ಟಿಪ್ಪಣಿಯೊಂದನ್ನು ಪ್ರಕಟಿಸಿದ. ಮೈಮೇಲೆ ಅನೇಕ ಗಡ್ಡೆಗಳೆದ್ದು ತೀರಿಕೊಂಡ ರೋಗಿಯೊಬ್ಬನ ಶವಪರೀಕ್ಷೆಯ ವೇಳೆ ಆತ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದ. ಗಡ್ಡೆಯನ್ನು ಕೊಯ್ದಾಗ ಕಂಡಿದ್ದ ಕೋಶಗಳಂಥವೇ ರಕ್ತದಲ್ಲಿಯೂ ಕಂಡವು. ಅದಕ್ಕಿಂತ ಮುಖ್ಯವಾದುದು ಆತ ರಕ್ತ ತೆಗೆದ ಜಾಗ. ಗಡ್ಡೆಯಿಲ್ಲದ, ಆರೋಗ್ಯವಾಗಿದ್ದ ಕಾಲಿನ ಅಭಿಧಮನಿಯಿಂದ ಆತ ರಕ್ತ ತೆಗೆದಿದ್ದ. ಈ ಕೋಶಗಳು ಇರುವ ಗಡ್ಡೆಗಳಿಂದಲೇ ಕಳಚಿ ಬಂದಿದ್ದರೆ ರಕ್ತಪರಿಚಲನೆಯ ಬಹುಭಾಗವನ್ನು ಸುತ್ತಿಯೇ ಈ ಕಾಲಿಗೆ ತಲುಪಿರಬೇಕು ಎಂದು ಆತ ತರ್ಕಿಸಿದ. ಒಬ್ಬನೇ ಮನುಷ್ಯನ ಮೈಯಲ್ಲಿ ಅನೇಕ ಗಡ್ಡೆಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ ಇದು ಬೆಳಕು ಚೆಲ್ಲಬಹುದು ಎಂದಷ್ಟೇ ಹೇಳಿ ಟಿಪ್ಪಣಿಯನ್ನು ಮುಗಿಸಿದ. ಆ ಕಾಲದ ಇಂಗ್ಲಿಷ್ ಗದ್ಯದ ಸಂಯಮ ಅದು. ಇಂದಿನ ಪತ್ರಿಕಾ ಪ್ರಕಟಣೆಗಳನ್ನು ಓದಿ ದಣಿದ ಕಣ್ಣಿಗೆ ಅದು ತಂಪೆನಿಸಿತು.

ಕ್ಯಾನ್ಸರ್ ಹರಡುವುದಕ್ಕೆ ಮೆಟಾಸ್ಟಾಸಿಸ್ ಎಂಬ ಹೆಸರು ಆ ವೇಳೆಗಾಗಲೇ ಇತ್ತು. ಫ್ರಾನ್ಸಿನ ಜೋಸೆಫ್ ರೆಕಾಮಿಯೆ 1829ರಲ್ಲಿ ಆ ಪದವನ್ನು ಈ ಅರ್ಥದಲ್ಲಿ ಬಳಸಿದ್ದ. ಕನ್ನಡದಲ್ಲಿ ಅದನ್ನು ಸ್ಥಾನಾಂತರ ಎನ್ನಬಹುದು. ನಮ್ಮ ಕಚೇರಿಯ ಹಿಂದಿ ಆದೇಶಗಳಲ್ಲಿ ವರ್ಗಾವಣೆಗೆ ಬಳಸುವ ಪದವೂ ಹೆಚ್ಚುಕಡಿಮೆ ಅದೇ. ಒಂದು ವ್ಯತ್ಯಾಸವಿದೆ. ನಮ್ಮ ವರ್ಗಾವಣೆಯಲ್ಲಿ ಹೋದವನು ಹಳೆಯ ಕುರ್ಚಿಯನ್ನು ಖಾಲಿ ಮಾಡಿ ಹೋಗುತ್ತಾನೆ. ಈ ವರ್ಗಾವಣೆಯಲ್ಲಿ ಹಳೆಯ ಕುರ್ಚಿಯೂ ಉಳಿಯುತ್ತದೆ, ಹೊಸದೂ ತುಂಬುತ್ತದೆ.

ಹಾಗಾದರೆ ಎದೆಯ ಗಡ್ಡೆ ಮೂಳೆಗೇ ಏಕೆ ಹೋಗಬೇಕು? 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಈ ಪ್ರಶ್ನೆಯನ್ನೆತ್ತಿಕೊಂಡ. ಸ್ತನದ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ಶವಪರೀಕ್ಷೆಯ ದಾಖಲೆಗಳನ್ನು ಮುಂದಿಟ್ಟುಕೊಂಡು ನೋಡಿದ. ರಕ್ತ ಎಲ್ಲ ಅಂಗಗಳಿಗೂ ಹರಿಯುತ್ತದೆ. ಆದರೆ ಗಡ್ಡೆಗಳು ಎಲ್ಲ ಅಂಗಗಳಲ್ಲಿ ಸಮನಾಗಿ ಏಳುವುದಿಲ್ಲ. ಯಕೃತ್ತಿನಲ್ಲಿ ಹೆಚ್ಚು, ಗುಲ್ಮದಲ್ಲಿ ಕಡಿಮೆ. ಕೆಲವು ಮೂಳೆಗಳಲ್ಲಿ ಏಳುತ್ತವೆ, ಕೆಲವದರಲ್ಲಿ ಇಲ್ಲ. ಬೀಜ ಎಲ್ಲ ದಿಕ್ಕಿಗೂ ಹಾರುತ್ತದೆ, ಆದರೆ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಆತನ ವಿವರಣೆ. ಎರೆಹೊಲದ ಜೋಳ ಮಸಾರಿಯಲ್ಲಿ ಅದೇ ತೆನೆ ಕೊಡುವುದಿಲ್ಲವೆಂದು ತಿಳಿದಿರುವ ಅಕ್ಕನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. 1920ರ ದಶಕದ ಕೊನೆಗೆ ಅಮೆರಿಕದ ಜೇಮ್ಸ್ ಯೂಯಿಂಗ್, ಮಣ್ಣಿನ ಮಾತು ಬೇಡ, ರಕ್ತದ ಕಾಲುವೆಗಳು ಎತ್ತ ಒಯ್ಯುತ್ತವೋ ಅಲ್ಲಿ ಕೋಶ ಸಿಕ್ಕಿಕೊಳ್ಳುತ್ತದೆ ಎಂದು ವಾದಿಸಿದ. ದಶಕಗಳ ಕಾಲ ಯೂಯಿಂಗನ ಮಾತೇ ನಡೆಯಿತು. 1970 ಮತ್ತು 80ರ ದಶಕಗಳಲ್ಲಿ ಐಸಾಯ ಫಿಡ್ಲರ್ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳ ನಂತರವೇ ಪ್ಯಾಜೆಟ್‌ನ ಬೀಜ ಮತ್ತೆ ಚಿಗುರಿದ್ದು. ರಕ್ತಕ್ಕೆ ಬಿಟ್ಟ ಗಡ್ಡೆಯ ಕೋಶಗಳಲ್ಲಿ ಬಹುಪಾಲು ಒಂದು ದಿನದೊಳಗೇ ಸತ್ತುಹೋಗುತ್ತವೆ, ಉಳಿದು ಬೇರೂರುವುವು ಅತ್ಯಲ್ಪ ಎಂಬುದನ್ನೂ ಫಿಡ್ಲರ್ ತೋರಿಸಿದ್ದರು. ರಕ್ತ ನಮ್ಮ ಪಾಲಿಗೆ ಜೀವದ್ರವ. ಗಡ್ಡೆಯಿಂದ ಕಳಚಿದ ಕೋಶಕ್ಕೆ ಅದು ಯಮಪುರಿಯ ದಾರಿ.

ದಾರಿ ರಕ್ತದ್ದೇ ಎಂದು ತಿಳಿದ ಮೇಲೆ ಪಯಣಿಗನನ್ನು ದಾರಿಯಲ್ಲೇ ಹಿಡಿಯಬಾರದೇಕೆ? ಇಲ್ಲಿ ಲೆಕ್ಕ ಅಡ್ಡ ಬರುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳಿರುತ್ತವೆ, 40 ಲಕ್ಷದಿಂದ 1 ಕೋಟಿಯಷ್ಟು ಬಿಳಿ ಕಣಗಳಿರುತ್ತವೆ. ಕ್ಯಾನ್ಸರ್ ಹರಡಿದ ರೋಗಿಯಲ್ಲೂ ಅವುಗಳ ನಡುವೆ ಗಡ್ಡೆಯ ಕೋಶ ಒಂದೋ ಎರಡೋ ಹತ್ತೋ ಇರಬಹುದು, ಒಂದೂ ಇಲ್ಲದಿರಬಹುದು. ಭಾರತದ ಜನಸಂಖ್ಯೆಯ ಮೂರೂವರೆ ಪಟ್ಟು ಜನ ಸೇರಿದ ಜಾತ್ರೆಯಲ್ಲಿ, ಹೆಸರು ಗೊತ್ತಿಲ್ಲದ ಮೂವರನ್ನು ಚಹರೆಯ ಮೇಲೆ ಹುಡುಕಿದಂತೆ.

1950ರ ದಶಕದಲ್ಲಿ ಯುರೋಪ್ ಮತ್ತು ಅಮೆರಿಕದ ಶಸ್ತ್ರವೈದ್ಯರು ಈ ಕೆಲಸಕ್ಕೆ ಕೈಹಾಕಿದರು. ರಕ್ತವನ್ನು ಗಾಜಿನ ಮೇಲೆ ಲೇಪಿಸಿ, ಬಣ್ಣ ಹಾಕಿ, ಕಣ್ಣಿನಿಂದ ಹುಡುಕುವ ವಿಧಾನ. ಅನೇಕ ರೋಗಿಗಳ ರಕ್ತದಲ್ಲಿ ಕ್ಯಾನ್ಸರ್ ಕೋಶ ಸಿಕ್ಕಿತೆಂದು ವರದಿಗಳ ಮೇಲೆ ವರದಿಗಳು ಬಂದವು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅನುಮಾನ ಹುಟ್ಟಿತು. ಮರಳಿ ನೋಡಿದಾಗ, ಕ್ಯಾನ್ಸರ್ ಕೋಶವೆಂದು ಎಣಿಸಿದವುಗಳಲ್ಲಿ ಎಷ್ಟೋ ಮೂಳೆಮಜ್ಜೆಯಿಂದ ಬರುವ ಮೆಗಾಕ್ಯಾರಿಯೊಸೈಟ್ ಎಂಬ ದೊಡ್ಡ ಕೋಶಗಳು, ಇನ್ನೆಷ್ಟೋ ರಕ್ತದ್ದೇ ಅಪರೂಪದ ಕಣಗಳು. ಉತ್ಸಾಹ ತಣ್ಣಗಾಯಿತು. ಈ ಘಟ್ಟವನ್ನು ಇಂದಿನ ಲೇಖನಗಳು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ನಮಗೆ ಅದೇ ಮುಖ್ಯವೆನಿಸಿತು. ಯಾರೂ ಸುಳ್ಳು ಹೇಳಿರಲಿಲ್ಲ. ಕಾಣಬೇಕೆಂಬ ಆಸೆ ಇದ್ದಾಗ ಕಣ್ಣು ಕಾಣಿಸಿಕೊಡುತ್ತದೆ. ಅಕ್ಕನಂಥವರ ಕೈಗೆ ಬರುವ ವರದಿಯ ಹಿಂದೆಯೂ ಅಂಥ ಕಣ್ಣೊಂದು ಇರಬಹುದು.

ಚಹರೆಯನ್ನು ನಂಬುವಂತಿಲ್ಲವಾದರೆ ಗುರುತಿನ ಚೀಟಿ ಬೇಕು. ಅದನ್ನು ಸಾಧ್ಯವಾಗಿಸಿದ್ದು 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಕಂಡುಕೊಂಡ ವಿಧಾನ. ಒಂದೇ ಗುರಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸಲು ಅದರಿಂದ ಬಂತು. 1984ರಲ್ಲಿ ಅವರಿಬ್ಬರು ನೊಬೆಲ್ ಪಾರಿತೋಷಕ ಹಂಚಿಕೊಂಡರು. 1979ರಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಅಧ್ಯಯನದಲ್ಲಿ ಮುಂದೆ ಎಪ್‌ಕ್ಯಾಮ್ ಎಂದು ಹೆಸರಾದ ಪ್ರೋಟೀನೊಂದು ಸಿಕ್ಕಿತು. ಅಂಗಗಳ ಒಳಪದರದ ಕೋಶಗಳ ಮೈಮೇಲೆ ಅದು ಇರುತ್ತದೆ, ರಕ್ತಕಣಗಳ ಮೇಲೆ ಇರುವುದಿಲ್ಲ. ಸ್ತನ, ಕರುಳು, ಶ್ವಾಸಕೋಶ, ಪ್ರಾಸ್ಟೇಟ್ ಕ್ಯಾನ್ಸರುಗಳು ಬಹುತೇಕ ಇಂಥ ಒಳಪದರದಲ್ಲೇ ಹುಟ್ಟುವುವು. ಆದ್ದರಿಂದ ಎಪ್‌ಕ್ಯಾಮ್ ಹೊತ್ತ ಕೋಶ ರಕ್ತದಲ್ಲಿ ಕಂಡರೆ ಅದು ಅಲ್ಲಿಯದಲ್ಲ, ಹೊರಗಿನಿಂದ ಬಂದದ್ದು.

ಕಬ್ಬಿಣದ ಅತಿಸೂಕ್ಷ್ಮ ಕಣಗಳಿಗೆ ಎಪ್‌ಕ್ಯಾಮ್ ಹಿಡಿಯುವ ಪ್ರತಿಕಾಯ ಅಂಟಿಸಿ, ರಕ್ತದಲ್ಲಿ ಬೆರೆಸಿ, ಅಯಸ್ಕಾಂತದಿಂದ ಎಳೆಯುವ ಯಂತ್ರವನ್ನು ಅಮೆರಿಕದ ಇಮ್ಯುನಿಕಾನ್ ಕಂಪನಿ ತಯಾರಿಸಿತು. ಸೆಲ್‌ಸರ್ಚ್ ಎಂಬ ಈ ಯಂತ್ರಕ್ಕೆ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿತು. ಅದೇ ವರ್ಷ ಸ್ತನ ಕ್ಯಾನ್ಸರ್ ಹರಡಿದ್ದ 177 ಮಹಿಳೆಯರ ಅಧ್ಯಯನ ಪ್ರಕಟವಾಯಿತು. 7.5 ಮಿಲಿಲೀಟರ್ ರಕ್ತದಲ್ಲಿ, ಎಂದರೆ ಒಂದೂವರೆ ಚಹಾ ಚಮಚದಷ್ಟರಲ್ಲಿ, 5 ಅಥವಾ ಹೆಚ್ಚು ಗಡ್ಡೆಯ ಕೋಶ ಸಿಕ್ಕವರಲ್ಲಿ ರೋಗ ಮುಂದುವರಿಯಲು ಹಿಡಿದ ಮಧ್ಯಾಂಕ ಕಾಲ 2.7 ತಿಂಗಳು, ಅದಕ್ಕಿಂತ ಕಡಿಮೆ ಸಿಕ್ಕವರಲ್ಲಿ 7 ತಿಂಗಳು. ಐದು ಎಂಬ ಪುಟ್ಟ ಸಂಖ್ಯೆ ಹೀಗೆ ಭವಿಷ್ಯವನ್ನು ನುಡಿಯತೊಡಗಿತು. ಅದನ್ನು ಬದಲಿಸಬಲ್ಲದೇ ಎಂಬುದನ್ನು ಆಗಿನ್ನೂ ಯಾರೂ ಪರೀಕ್ಷಿಸಿರಲಿಲ್ಲ.

ಅಕ್ಕ ತೋರಿಸಿದ ಜಾಹೀರಾತಿನ ಚಿಪ್ ಇದಕ್ಕಿಂತ ಭಿನ್ನವಾದ ವಂಶದ್ದು. ಅದರ ಪೂರ್ವಜರು ಕ್ಯಾನ್ಸರಿನ ಗೊಡವೆಗೇ ಹೋದವರಲ್ಲ. 1840ರ ದಶಕದಲ್ಲಿ ಪ್ಯಾರಿಸ್ಸಿನ ವೈದ್ಯ ಪ್ವಾಸೆಯ್ ಲೋಮನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆಂದು ತಿಳಿಯಲು ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆದ. ಕೊಳವೆಯ ವ್ಯಾಸ ಅರ್ಧವಾದರೆ ಅದೇ ಒತ್ತಡದಲ್ಲಿ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆಂದು ಕಂಡ. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟ. ವೇಗ ಕಡಿಮೆಯಿದ್ದಾಗ ಎಳೆ ನೇರವಾಗಿ ಸಾಗಿತು. ವೇಗ ಹೆಚ್ಚಿದಾಗ ಕದಡಿ ಚದುರಿತು. ಕಾಲುವೆ ಕಿರಿದಾದಷ್ಟೂ, ಹರಿವು ನಿಧಾನವಾದಷ್ಟೂ ದ್ರವ ಶಿಸ್ತಿನಲ್ಲಿ, ಪದರ ಪದರವಾಗಿ ಸಾಗುತ್ತದೆ. ಅದರಲ್ಲಿ ತೇಲುವ ಕೋಶ ಎಲ್ಲಿಗೆ ಹೋದೀತೆಂದು ಲೆಕ್ಕ ಹಾಕಿ ಮೊದಲೇ ಹೇಳಬಹುದು.

ಅಷ್ಟು ಕಿರಿದಾದ ಕಾಲುವೆಯನ್ನು ಕೊರೆಯುವ ಕೈಚಳಕ ಬಂದದ್ದು ಕಂಪ್ಯೂಟರ್ ಉದ್ಯಮದಿಂದ. 1979ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಸಿಲಿಕಾನ್ ಬಿಲ್ಲೆಯೊಂದರ ಮೇಲೆ ಅನಿಲ ವಿಶ್ಲೇಷಣೆಯ ಇಡೀ ಯಂತ್ರವನ್ನೇ ಕೆತ್ತಿದರು. 1990ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆಂಡ್ರಿಯಾಸ್ ಮಾಂಜ್, ಒಂದು ಪ್ರಯೋಗಾಲಯದ ಕೆಲಸವೆಲ್ಲ ಒಂದು ಚಿಪ್ಪಿನ ಮೇಲೆ ನಡೆಯಬೇಕೆಂಬ ಕಲ್ಪನೆಯನ್ನು ಮುಂದಿಟ್ಟರು. 1998ರಲ್ಲಿ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ಬಳಗ ಅದೇ ಕಾಲುವೆಗಳನ್ನು ಪಾರದರ್ಶಕ ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ಹೊಯ್ಯುವುದನ್ನು ತೋರಿಸಿತು. ಸಾಧಾರಣ ಪ್ರಯೋಗಾಲಯಕ್ಕೂ ಚಿಪ್ ಎಟುಕುವಂತಾಯಿತು.

ಇನ್ನು ಕೋಶವನ್ನು ಹಿಡಿಯುವ ಬಗೆ. ನಮ್ಮ ಅಜ್ಜಿಯರು ಧಾನ್ಯ ಹಸನು ಮಾಡುತ್ತಿದ್ದ ಕ್ರಮಗಳನ್ನು ನೆನಪಿಸಿಕೊಂಡರೆ ಇದು ಸುಲಭ. ಜರಡಿ ಹಿಡಿಯುವುದು ಒಂದು: ಗಾತ್ರ ನೋಡಿ ಬೇರ್ಪಡಿಸುವುದು. ಮೊರದಲ್ಲಿ ಕೇರುವುದು ಇನ್ನೊಂದು: ಚಲನೆಯ ಬಲದಿಂದ ಹಗುರವೂ ಭಾರವೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಕೊನೆಯದು ಒಂದೊಂದಾಗಿ ಕಲ್ಲು ಆರಿಸುವುದು. ಅದಕ್ಕೆ ಕಲ್ಲಿನ ಗುರುತು ಗೊತ್ತಿರಬೇಕು. ಕ್ಯಾನ್ಸರ್ ಕೋಶ ಹಿಡಿಯುವ ಚಿಪ್ಪುಗಳೆಲ್ಲ ಈ ಮೂರರಲ್ಲಿ ಒಂದನ್ನೋ ಎರಡನ್ನೋ ಬಳಸುವಂಥವು.

2007ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಚಿಪ್ ಆರಿಸುವ ಬಗೆಯದು. ಮೆಹಮತ್ ಟೋನರ್ ಅವರ ಎಂಜಿನಿಯರಿಂಗ್ ಪ್ರಯೋಗಾಲಯ ಮತ್ತು ಡೇನಿಯಲ್ ಹೇಬರ್ ಅವರ ಕ್ಯಾನ್ಸರ್ ಪ್ರಯೋಗಾಲಯ ಕೂಡಿ ಮಾಡಿದ ಕೆಲಸ. ಲೇಖನದ ಮೊದಲ ಹೆಸರು ಭಾರತೀಯ ಮೂಲದ ಸುನಿತಾ ನಾಗರಥ್ ಅವರದು. ಸುಮಾರು ಒಂದೂವರೆ ಚದರ ಅಂಗುಲ ಸಿಲಿಕಾನಿನಲ್ಲಿ 78,000 ಕಂಬಗಳನ್ನು ಕೆತ್ತಿದ್ದರು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಂಡವರು ಅಂಥ ಎಪ್ಪತ್ತೆಂಟು ಬಸದಿಗಳನ್ನು ಅಂಗೈಯ ನಡುವಿನಷ್ಟು ಜಾಗದಲ್ಲಿ ಕಲ್ಪಿಸಿಕೊಳ್ಳಬೇಕು. ಪ್ರತಿ ಕಂಬವೂ 100 ಮೈಕ್ರಾನ್ ದಪ್ಪ, ಅಷ್ಟೇ ಎತ್ತರ. ಎರಡು ಕಂಬಗಳ ನಡುವೆ 50 ಮೈಕ್ರಾನ್ ಸಂದು. ಕೆಂಪು ಕಣದ ಅಡ್ಡಳತೆ ಏಳೆಂಟು ಮೈಕ್ರಾನ್ ಮಾತ್ರವಾದ್ದರಿಂದ ರಕ್ತಕ್ಕೆ ಇದು ರಾಜಬೀದಿ, ಜರಡಿಯಲ್ಲ. ಕಂಬಗಳಿಗೆಲ್ಲ ಎಪ್‌ಕ್ಯಾಮ್ ಪ್ರತಿಕಾಯದ ಲೇಪ. ಸಾಲುಗಳನ್ನು ಕೊಂಚ ಸರಿಸಿ ನಿಲ್ಲಿಸಿದ್ದರಿಂದ ಒಂದು ಕಂಬವನ್ನು ತಪ್ಪಿಸಿಕೊಂಡ ಕೋಶ ಮುಂದಿನ ಯಾವುದಾದರೊಂದಕ್ಕೆ ತಗುಲಲೇಬೇಕು. ರಕ್ತವನ್ನು ಹಾಗೆಯೇ, ಯಾವ ಸಂಸ್ಕಾರವೂ ಇಲ್ಲದೆ, ಗಂಟೆಗೆ ಒಂದೆರಡು ಮಿಲಿಲೀಟರಿನ ವೇಗದಲ್ಲಿ ಹರಿಸಿದರು. ಅವಸರ ಮಾಡಿದರೆ ಅಂಟಿದ ಕೋಶ ಕಿತ್ತುಕೊಂಡು ಹೋಗುತ್ತದೆ.

ಶ್ವಾಸಕೋಶ, ಪ್ರಾಸ್ಟೇಟ್, ಮೇದೋಜೀರಕ ಗ್ರಂಥಿ, ಸ್ತನ ಮತ್ತು ಕರುಳಿನ ಕ್ಯಾನ್ಸರಿನ ರೋಗಿಗಳಿಂದ ತೆಗೆದ 116 ಮಾದರಿಗಳಲ್ಲಿ 115ರಲ್ಲಿ ಕೋಶಗಳು ಸಿಕ್ಕವು. ಮರುವರ್ಷ ಅದೇ ಆಸ್ಪತ್ರೆಯ ಶ್ಯಾಮಲಾ ಮಹೇಶ್ವರನ್ ಮತ್ತು ಸಂಗಡಿಗರು ಒಂದು ಹೆಜ್ಜೆ ಮುಂದೆ ಹೋದರು. ಶ್ವಾಸಕೋಶದ ಕ್ಯಾನ್ಸರಿನ ರೋಗಿಗಳಲ್ಲಿ ಹಿಡಿದ ಕೋಶಗಳ ವಂಶವಾಹಿಯನ್ನು ಓದಿ, ಔಷಧಕ್ಕೆ ಬಗ್ಗುವ ರೂಪಾಂತರವನ್ನೂ, ಚಿಕಿತ್ಸೆ ನಡೆಯುತ್ತಿದ್ದಂತೆ ಔಷಧವನ್ನು ಸೋಲಿಸುವ ಇನ್ನೊಂದು ರೂಪಾಂತರವನ್ನೂ ಗುರುತಿಸಿದರು. ಎದೆಗೆ ಸೂಜಿ ಚುಚ್ಚಿ ಗಡ್ಡೆಯ ತುಣುಕು ತೆಗೆಯದೆ, ತೋಳಿನ ರಕ್ತದಿಂದಲೇ ರೋಗ ವೇಷ ಬದಲಿಸುವುದನ್ನು ಕಾಣುವುದು ಸಾಧ್ಯವಾಯಿತು. ಈ ಎರಡು ಲೇಖನಗಳಲ್ಲಿ ನಮ್ಮ ಕಡೆಯ ಹೆಸರುಗಳನ್ನು ಕಂಡು ಹೆಮ್ಮೆಪಟ್ಟೆವೆಂದು ಒಪ್ಪಿಕೊಳ್ಳುತ್ತೇವೆ. ಪರವೂರಿನಲ್ಲಿರುವ ಕನ್ನಡಿಗರಿಗೆ ಹೆಸರಿನ ಪಟ್ಟಿ ಓದುವ ಚಟ ಹೆಚ್ಚು.

ಚಿಪ್ಪಿನ ದೋಷಗಳೂ ಬೇಗ ಹೊರಬಿದ್ದವು. ಶಿಸ್ತಿನ ಹರಿವಿನಲ್ಲಿ ಕಂಬವನ್ನು ಮುಟ್ಟದೆಯೇ ಸಾಗುವ ಕೋಶಗಳಿದ್ದವು. 2010ರಲ್ಲಿ ಶಾನನ್ ಸ್ಟಾಟ್ ಮತ್ತು ಸಂಗಡಿಗರು ಕಂಬಗಳನ್ನು ಬಿಟ್ಟು, ಕಾಲುವೆಯ ಮೇಲ್ಭಾಗದಲ್ಲಿ ಮೀನಿನ ಮುಳ್ಳಿನಂಥ ಓರೆಗೀರುಗಳನ್ನು ಕೆತ್ತಿದರು. ಹರಿವು ಅಲ್ಲಿ ಮಗುಚಿ ಸುಳಿದು ಕೋಶಗಳನ್ನು ಗೋಡೆಗೆ ಒಯ್ದು ಮುಟ್ಟಿಸುತ್ತದೆ. ಈ ಚಿಪ್ ಪಾರದರ್ಶಕ. ಆದ್ದರಿಂದ ಯಾರೂ ಹುಡುಕಿರದಿದ್ದ ಒಂದು ನೋಟ ಕಣ್ಣಿಗೆ ಬಿತ್ತು: ಕೆಲವು ರೋಗಿಗಳಲ್ಲಿ ಕೋಶಗಳು ಒಂಟಿಯಾಗಿರದೆ ಒಂದಕ್ಕೊಂದು ಅಂಟಿಕೊಂಡ ಗೊಂಚಲುಗಳಾಗಿದ್ದವು.

ಇನ್ನೊಂದು ದೋಷ ತಳದ್ದು. ಗಡ್ಡೆಯಿಂದ ಕಳಚಿ ಅಲೆಯಹೊರಡುವ ಕೋಶಗಳಲ್ಲಿ ಕೆಲವು ಒಳಪದರದ ಸ್ವಭಾವವನ್ನೇ ಬಿಟ್ಟು, ಎಪ್‌ಕ್ಯಾಮ್ ಅನ್ನು ಕಳಚಿಹಾಕುತ್ತವೆ. ಗುರುತಿನ ಚೀಟಿ ಹರಿದುಹಾಕಿದವನನ್ನು ಚೀಟಿ ನೋಡಿ ಹಿಡಿಯುವುದು ಹೇಗೆ? ಉತ್ತರ ತಲೆಕೆಳಗಾಗಿ ಬಂತು: ಬೇಕಾದ್ದನ್ನು ಆರಿಸಬೇಡಿ, ಬೇಡವಾದ್ದನ್ನೆಲ್ಲ ತೆಗೆಯಿರಿ. 2013ರಲ್ಲಿ ಅದೇ ಬಾಸ್ಟನ್ ಗುಂಪು ಪ್ರಕಟಿಸಿದ ಐಚಿಪ್ ಎಂಬ ಸಾಧನ ಇದನ್ನು ಮಾಡಿತು. ಮೊದಲು, 2004ರಲ್ಲಿ ಪ್ರಿನ್ಸ್‌ಟನ್ ಭೌತವಿಜ್ಞಾನಿಗಳು ತೋರಿಸಿದ್ದ ಓರೆಸಾಲಿನ ಕಂಬಗಳು ಗಾತ್ರದ ಮೇಲೆ ಕೆಂಪು ಕಣಗಳನ್ನು ಬೇರೆ ದಾರಿಗೆ ಬಿಡುತ್ತವೆ. ಆಮೇಲೆ ಉಳಿದ ಕೋಶಗಳು ಡೊಂಕು ಕಾಲುವೆಯಲ್ಲಿ ಒಂದೇ ಸಾಲಾಗಿ ನಿಲ್ಲುತ್ತವೆ. ಇದರ ಬೇರು ಇಸ್ರೇಲಿನಲ್ಲಿ ಸೆಗ್ರೆ ಮತ್ತು ಸಿಲ್ಬರ್‌ಬರ್ಗ್ 1961ರಲ್ಲಿ ಗಮನಿಸಿದ ಒಂದು ವಿಚಿತ್ರದಲ್ಲಿದೆ. ಕೊಳವೆಯಲ್ಲಿ ಹರಿಯುವ ಗುಂಡು ಕಣಗಳು ನಡುಮಧ್ಯದಲ್ಲೂ ಇರದೆ, ಗೋಡೆಗೂ ಹತ್ತದೆ, ನಡುವಿನಿಂದ ಅಂಚಿಗೆ ಸುಮಾರು 0.6 ಭಾಗ ದೂರದ ಉಂಗುರದಲ್ಲಿ ತಾವಾಗಿಯೇ ಬಂದು ಸೇರುತ್ತವೆ. ಐವತ್ತು ವರ್ಷ ಬರಿಯ ಕುತೂಹಲವಾಗಿ ಉಳಿದಿದ್ದ ಸಂಗತಿ ಕ್ಯಾನ್ಸರ್ ಕೋಶಗಳನ್ನು ಸಾಲು ಹಚ್ಚಲು ಒದಗಿತು. ಕೊನೆಗೆ ಕಾಂತಕಣ ಅಂಟಿಸಿದ ಬಿಳಿ ಕಣಗಳನ್ನು ಅಯಸ್ಕಾಂತ ಪಕ್ಕಕ್ಕೆ ಎಳೆಯುತ್ತದೆ. ಉಳಿಯುವವು, ಯಾರ ಕೈಯೂ ತಾಕದ, ಜೀವಂತ ಗಡ್ಡೆಯ ಕೋಶಗಳು.

ಜೀವಂತವಾಗಿ ಸಿಕ್ಕ ಮೇಲೆ ಅವುಗಳ ಜೀವನವನ್ನೇ ಅಧ್ಯಯನ ಮಾಡಬಹುದಾಯಿತು. ಗೊಂಚಲುಗಳು ಲೆಕ್ಕದಲ್ಲಿ ಅತಿ ಕಡಿಮೆ. ಆದರೆ ಇಲಿಗಳಲ್ಲಿ ಹೊಸ ಗಡ್ಡೆ ಎಬ್ಬಿಸುವ ಶಕ್ತಿ ಒಂಟಿ ಕೋಶಕ್ಕಿಂತ ಅವಕ್ಕೆ 23ರಿಂದ 50 ಪಟ್ಟು ಹೆಚ್ಚೆಂದು ನಿಕೋಲಾ ಅಚೆಟೊ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಅಷ್ಟು ದಪ್ಪ ಗೊಂಚಲು ಲೋಮನಾಳದಲ್ಲಿ ಹೇಗೆ ನುಗ್ಗೀತು ಎಂದು ಹಳಬರು ಕೇಳುತ್ತಿದ್ದರು. 2016ರಲ್ಲಿ ಚಿಪ್ಪಿನೊಳಗೆ ಲೋಮನಾಳದಷ್ಟೇ ಕಿರಿದಾದ ದಾರಿಗಳನ್ನು ಮಾಡಿ ನೋಡಿದರು. ಗೊಂಚಲು ಬಿಡಿಸಿಕೊಂಡು, ಒಂದರ ಹಿಂದೊಂದು ಸಾಲಾಗಿ ನುಸುಳಿ, ಆಚೆ ಹೋಗಿ ಮತ್ತೆ ಗೊಂಚಲಾಯಿತು. ಅಕ್ಕನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನಮಗೆ ಸಿಗಲಿಲ್ಲ.

ಅವರ ಇನ್ನೊಂದು ಪ್ರಶ್ನೆಗೆ ಸಿಕ್ಕ ಉತ್ತರ ಸಿಹಿಯಾದುದಲ್ಲ. ಎಣಿಕೆ ಭವಿಷ್ಯ ನುಡಿಯುತ್ತದೆಂದು 2004ರಲ್ಲೇ ಗೊತ್ತಾಗಿತ್ತಷ್ಟೆ. ಹಾಗಾದರೆ ಎಣಿಕೆ ನೋಡಿ ಔಷಧ ಬದಲಿಸಿದರೆ ರೋಗಿ ಹೆಚ್ಚು ಕಾಲ ಬದುಕುತ್ತಾಳೆಯೇ? ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಹರಡಿದ್ದ 595 ರೋಗಿಗಳನ್ನು ಸೇರಿಸಿಕೊಂಡು ನಡೆಸಿದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂತು. ಮೊದಲ ಸುತ್ತಿನ ಔಷಧದ ನಂತರವೂ ಎಣಿಕೆ ಐದಕ್ಕಿಂತ ಇಳಿಯದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೂಡಲೇ ಔಷಧ ಬದಲಿಸಿದರು, ಇನ್ನೊಂದಕ್ಕೆ ಅದೇ ಔಷಧ ಮುಂದುವರಿಸಿದರು. ಬದುಕಿದ ಕಾಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಣಿಕೆ ಮೊದಲಿನಿಂದಲೂ ಕಡಿಮೆಯಿದ್ದವರ ಮಧ್ಯಾಂಕ ಆಯುಷ್ಯ 35 ತಿಂಗಳು, ಇಳಿದವರದು 23, ಇಳಿಯದವರದು 13. ನುಡಿದ ಭವಿಷ್ಯ ನಿಜವೇ ಆಗಿತ್ತು. ಬದಲಾಯಿಸಿಕೊಟ್ಟ ಔಷಧಕ್ಕೆ ಅದನ್ನು ತಿದ್ದುವ ಶಕ್ತಿ ಇರಲಿಲ್ಲ. ಈ ಮೂರು ಸಂಖ್ಯೆಗಳನ್ನು ಅಕ್ಕನಿಗೆ ಹೇಳಬೇಕೇ ಬೇಡವೇ ಎಂದು ನಾವು ಎರಡು ವಾರ ಯೋಚಿಸಿದೆವು.

ಅಷ್ಟರಲ್ಲಿ ಬೇರೊಂದು ವಿಧಾನ ಮುಂದೆ ಓಡಿತು. ಸತ್ತ ಗಡ್ಡೆಯ ಕೋಶಗಳು ರಕ್ತದಲ್ಲಿ ಚೆಲ್ಲುವ ಡಿಎನ್‌ಎ ಚೂರುಗಳನ್ನು ಓದುವುದು ಕೋಶ ಹಿಡಿಯುವುದಕ್ಕಿಂತ ಸುಲಭ. 2016ರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಔಷಧ ಆಯಲು ಅಂಥ ಪರೀಕ್ಷೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಚಿಪ್ಪುಗಳೇನೂ ಮೂಲೆ ಸೇರಲಿಲ್ಲ. ಗಾತ್ರ ಮತ್ತು ಬಗ್ಗುವ ಗುಣದ ಮೇಲೆ ಕೋಶ ಹಿಡಿಯುವ ಪಾರ್ಸಾರ್ಟಿಕ್ಸ್ ಎಂಬ ಬ್ರಿಟಿಷ್ ಕಂಪನಿಯ ಯಂತ್ರಕ್ಕೆ, ಹರಡಿದ ಸ್ತನ ಕ್ಯಾನ್ಸರಿನ ರೋಗಿಗಳಲ್ಲಿ ಬಳಸಲು, 2022ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಆದರೆ ಎಣಿಕೆಗೆ ಒಂದೇ ಅಳತೆಗೋಲು ಇನ್ನೂ ಇಲ್ಲ. ಒಂದು ಯಂತ್ರದ ಹತ್ತು ಇನ್ನೊಂದರ ಎರಡಾಗಬಹುದು. ಜಾಹೀರಾತು ಇದನ್ನು ಹೇಳಿರಲಿಲ್ಲ.

ಆ ಎರಡು ವಾರಗಳಲ್ಲಿ ನಮ್ಮನ್ನು ಹೆಚ್ಚು ಹಿಡಿದಿಟ್ಟದ್ದು ಸ್ವಿಟ್ಜರ್ಲೆಂಡಿನಿಂದ ಬಂದ ಎರಡು ವರದಿಗಳು. ಅಚೆಟೊ ಈಗ ಅಲ್ಲಿದ್ದಾರೆ. 2022ರಲ್ಲಿ ಅವರ ಗುಂಪು ಸ್ತನ ಕ್ಯಾನ್ಸರಿನ 30 ಮಹಿಳೆಯರ ರಕ್ತವನ್ನು ಬೆಳಗಿನ ಜಾವ 4 ಗಂಟೆಗೂ, 10 ಗಂಟೆಗೂ ತೆಗೆದು ನೋಡಿತು. ಸಿಕ್ಕ ಕೋಶಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಿದ್ದೆಯ ಹೊತ್ತಿನ ರಕ್ತದಲ್ಲಿದ್ದವು. 2025ರಲ್ಲಿ, ಹೃದ್ರೋಗಕ್ಕೆ ಬಹಳ ಹಿಂದಿನಿಂದ ಕೊಡುತ್ತಿರುವ ಡಿಗಾಕ್ಸಿನ್ ಎಂಬ ಔಷಧವನ್ನು ಒಂಬತ್ತು ಮಹಿಳೆಯರಿಗೆ ಕೊಟ್ಟು ನೋಡಿದಾಗ ಗೊಂಚಲುಗಳ ಗಾತ್ರ ಇಳಿಯಿತೆಂದು ವರದಿಯಾಯಿತು. ಸರಾಸರಿ ಇಳಿಕೆ ಎರಡು ಕೋಶಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದರಿಂದ ಆಯುಷ್ಯ ಬೆಳೆಯುತ್ತದೆಂದು ಅವರು ಹೇಳಿಲ್ಲ. ಒಂಬತ್ತು ಜನರಿಂದ ಹಾಗೆ ಹೇಳಲೂ ಬರುವುದಿಲ್ಲ. ಆದರೂ ನೂರೈವತ್ತು ವರ್ಷ ನೋಡುತ್ತ, ಎಣಿಸುತ್ತ ಬಂದವರು ಮೊದಲ ಬಾರಿಗೆ ಆ ಪಯಣಿಗರನ್ನು ದಾರಿಯಲ್ಲೇ ಚದುರಿಸಲು ಕೈಯೆತ್ತಿದಂತೆ ನಮಗೆ ಕಂಡಿತು.

ಒಂದು ಭಾನುವಾರ ಅಕ್ಕನ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆವು. ಮೂರು ಸಂಖ್ಯೆಗಳನ್ನೂ ಮುಚ್ಚಿಡಲಿಲ್ಲ. ಅವು ಹತ್ತು ವರ್ಷಕ್ಕೂ ಹಿಂದಿನವು, ಈಗ ಬೇರೆ ಔಷಧಗಳು ಬಂದಿವೆ ಎಂಬುದನ್ನೂ ಸೇರಿಸಿ ಹೇಳಿದೆವು. ಪರೀಕ್ಷೆ ಮಾಡಿಸುವ ಮೊದಲು ಡಾಕ್ಟರರನ್ನು ಒಂದೇ ಪ್ರಶ್ನೆ ಕೇಳಿ, ಇದರಲ್ಲಿ ಬರುವ ಅಂಕಿಯಿಂದ ನನಗೆ ಕೊಡುವ ಔಷಧ ಬದಲಾಗುತ್ತದೆಯೇ ಎಂದು, ಎಂದೆವು. ಅಕ್ಕ ಆಗಲೇ ಕೇಳಿ ಬಂದಿದ್ದರು. ಈಗಿನ ಮಾತ್ರೆಗಳು ಬದಲಾಗುವುದಿಲ್ಲ ಎಂದು ಅವರು ಹೇಳಿದ್ದರಂತೆ. “ಹಂಗಾದ್ರ ರೊಕ್ಕ ಉಳೀತು,” ಎಂದು ಅಕ್ಕ ಜಾಹೀರಾತನ್ನು ಮೊಬೈಲಿನಿಂದ ಅಳಿಸಿದರು.

ನಿದ್ದೆಯ ವಿಷಯ ಮಾತ್ರ ಅವರನ್ನು ಬಿಡಲಿಲ್ಲ. “ನಾನು ಮಲಗಿದಾಗ ಅವು ಎದ್ದು ತಿರಗ್ಯಾಡ್ತಾವ ಅಂದ್ರಿ. ನನಗ ಮೊದಲ ನಿದ್ದಿ ಬರೂದಿಲ್ಲ. ಅದು ಛಲೋನೋ ಕೆಟ್ಟೋ?” ನಿದ್ದೆಗೆಟ್ಟರೆ ಒಳ್ಳೆಯದೆಂದು ಆ ವರದಿ ಹೇಳಿಲ್ಲ ಅಕ್ಕ, ಎಂದೆವು. ಅವರು ನಕ್ಕು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಹೊರಡುವಾಗ, ಮೆಲ್ಬೋರ್ನಿನ ಆ ವೈದ್ಯನ ಎರಡು ಪುಟಗಳನ್ನು ಕನ್ನಡಕ್ಕೆ ಮಾಡಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ತನ್ನಿ ಎಂದು ಹೇಳಿದರು.